ಆಪರೇಷನ್ ಆಗಲ್ಲ ಅಂದರು, ಹಾಗಂತ ಅಮ್ಮನನ್ನು ಮನೆಗೆ ಕರೆದುಕೊಂಡು ಹೋಗಬೇಕಾ?

ಓದುಗರ ಪ್ರಶ್ನೆ, ಡಾಕ್ಟರ್ ಉತ್ತರ

ಪ್ರಶ್ನೆ: ಮೇಡಂ, ನಮಸ್ಕಾರ. ನನ್ನ ಅಮ್ಮನಿಗೆ 67 ವರ್ಷ. ಮುಟ್ಟು ನಿಂತು 16 ವರ್ಷ ಆಗಿತ್ತು. ಯುಗಾದಿ ಕಳೆದ ಮೇಲೆ ಮತ್ತೆ ಬ್ಲೀಡಿಂಗ್ ಶುರುವಾಯಿತು. ಅವರು ಯಾರಿಗೂ ಹೇಳಿರಲಿಲ್ಲ. ಒಗೆಯಲು ಹಾಕಿದ್ದ ಲಂಗದಲ್ಲಿ ಕಲೆ ನೋಡಿ ನಾನೇ ಕೇಳಿದೆ. ಬಯಾಪ್ಸಿ ಮಾಡಿಸಿದಾಗ ಗರ್ಭಕೋಶದ ಒಳಪದರದ ಕ್ಯಾನ್ಸರ್, ಗ್ರೇಡ್ 1 ಅಂತ ಬಂತು. ಎಂಆರ್‌ಐನಲ್ಲಿ ಕಾಯಿಲೆ ಗರ್ಭಕೋಶ ಬಿಟ್ಟು ಹೊರಗೆ ಹೋಗಿಲ್ಲ, ಗೋಡೆಯಲ್ಲೂ ಅರ್ಧದಷ್ಟು ಇಳಿದಿಲ್ಲ ಅಂತ ಬರೆದಿದ್ದಾರೆ. ಗರ್ಭಕೋಶ ತೆಗೆದರೆ ಮುಗಿಯಿತು ಅಂದುಕೊಂಡೆವು. ಆದರೆ ಅಮ್ಮನ ತೂಕ 104 ಕೆಜಿ. ಶುಗರ್ ಬಂದು 20 ವರ್ಷ. ಎರಡು ವರ್ಷದ ಹಿಂದೆ ಹಾರ್ಟ್ ಅಟ್ಯಾಕ್ ಆಗಿ ಎರಡು ಸ್ಟಂಟ್ ಹಾಕಿದ್ದಾರೆ. ಈಗ ಎಕೋ ಮಾಡಿಸಿದರೆ ಇ.ಎಫ್., ಅಂದರೆ ಹೃದಯದ ಪಂಪ್ ಶಕ್ತಿ, 28 ಅಂತ ಬಂದಿದೆ. ಅನಸ್ತೇಶಿಯಾ ಡಾಕ್ಟರ್ "ಟೇಬಲ್ ಮೇಲೇ ಏನಾದರೂ ಆಗಬಹುದು, ರೇಡಿಯೇಷನ್ ಡಾಕ್ಟರ್ ಹತ್ತಿರ ಹೋಗಿ" ಅಂದುಬಿಟ್ಟರು. ಮನೆಯಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಕರೆಂಟ್ ಕೊಟ್ಟರೆ ಇರುವಷ್ಟು ದಿನವೂ ಇರಲ್ಲ ಅಂತ ದೊಡ್ಡಪ್ಪ. ರೇಡಿಯೇಷನ್ ಅನ್ನುವುದು ಸುಮ್ನೆ ನಮ್ಮ ಸಮಾಧಾನಕ್ಕೆ ಹೇಳಿದ್ದಾ? ಅಮ್ಮನಿಗೆ ಕ್ಯಾನ್ಸರ್ ಅಂತ ಇನ್ನೂ ಹೇಳಿಲ್ಲ. ಏನು ಮಾಡಲಿ?
ಓದುಗರು, ತಿಪಟೂರು

ಉತ್ತರ: ಸಮಾಧಾನಕ್ಕೆ ಹೇಳಿದ್ದಲ್ಲ. ನಿಮ್ಮ ಅಮ್ಮನ ಸ್ಥಿತಿಯಲ್ಲಿ ರೇಡಿಯೇಷನ್ ಕೊಡುವುದು ಕಾಯಿಲೆ ವಾಸಿ ಮಾಡುವ ಉದ್ದೇಶದಿಂದಲೇ. ಪತ್ರದಲ್ಲಿ ನನಗೆ ಹೆಚ್ಚು ಭಯ ಹುಟ್ಟಿಸಿದ್ದು ಇ.ಎಫ್. 28 ಅನ್ನುವುದಲ್ಲ, ದೊಡ್ಡಪ್ಪನವರ ಮಾತು. ಯಾಕೆಂದರೆ ಆಪರೇಷನ್ ಬೇಡ ಅಂದ ಕೂಡಲೇ "ಇನ್ನೇನೂ ಉಳಿದಿಲ್ಲ" ಅಂತ ಅರ್ಥ ಮಾಡಿಕೊಂಡು ಮನೆಗೆ ಕರೆದುಕೊಂಡು ಹೋದವರನ್ನು ನಾನು ನೋಡಿದ್ದೇನೆ. ಒಬ್ಬ ಅಜ್ಜಿ ಎಂಟು ತಿಂಗಳು ಬ್ಲೀಡಿಂಗ್‌ನಲ್ಲೇ ಕಳೆದು, ಮೈಯಲ್ಲಿ ರಕ್ತವೇ ಇಲ್ಲದ ಹಾಗಾದ ಮೇಲೆ ನಮ್ಮ ವಿಭಾಗಕ್ಕೆ ಬಂದರು. ಮೊದಲ ಸಲ ತೋರಿಸಿದ ಆಸ್ಪತ್ರೆಯಲ್ಲಿ ಯಾರೂ ಅವರಿಗೆ ರೇಡಿಯೇಷನ್ ಅನ್ನುವ ಮಾತೇ ಎತ್ತಿರಲಿಲ್ಲ. ನಿಮಗೆ ಹೇಳಿದ್ದಾರಲ್ಲ, ಅದು ಒಳ್ಳೆಯದಾಯಿತು.

ಮೊದಲು ಒಂದು ಮಾತು ನೇರವಾಗಿ ಹೇಳಿಬಿಡುತ್ತೇನೆ. ಆಪರೇಷನ್ ತಡೆದುಕೊಳ್ಳುವ ಶಕ್ತಿ ಇರುವವರಿಗೆ ಆಪರೇಷನ್ನೇ ಮೊದಲ ದಾರಿ. ಗರ್ಭಕೋಶ, ಎರಡೂ ಅಂಡಾಶಯ, ನಳಿಕೆ ತೆಗೆದರೆ ಕಾಯಿಲೆಯೂ ಹೋಗುತ್ತದೆ, ಎಷ್ಟು ಆಳ ಇಳಿದಿತ್ತು, ಲಿಂಫ್ ಗಂಟುಗಳಿಗೆ ಹರಡಿತ್ತಾ ಅಂತ ಕೈಗೆ ಸಿಕ್ಕಿದ್ದನ್ನು ನೋಡಿ ಹೇಳಬಹುದು. ರೇಡಿಯೇಷನ್‌ನಲ್ಲಿ ಗರ್ಭಕೋಶ ಒಳಗೇ ಉಳಿಯುತ್ತದೆ, ಸ್ಟೇಜ್ ಅನ್ನುವುದು ಸ್ಕ್ಯಾನ್ ನೋಡಿ ಹಾಕಿದ ಲೆಕ್ಕವಾಗಿಯೇ ಉಳಿಯುತ್ತದೆ. ಹಾಗಾಗಿ "ಆಪರೇಷನ್ ಆಗಲ್ಲ" ಅನ್ನುವ ತೀರ್ಮಾನ ಗಟ್ಟಿಯಾಗಿರಬೇಕು. ಒಬ್ಬರ ಬಾಯಿಂದ ಬಂದ ಒಂದು ವಾಕ್ಯ ಸಾಲದು.

ಆದ್ದರಿಂದ ಒಂದು ಸಲ ಹೃದಯದ ಡಾಕ್ಟರ್ ಹತ್ತಿರ ಈ ಎಕೋ ರಿಪೋರ್ಟ್ ಹಿಡಿದುಕೊಂಡು ಹೋಗಿ. ಜಯದೇವ ಆಸ್ಪತ್ರೆ ಬೆಂಗಳೂರಿನಲ್ಲೂ ಇದೆ, ಮೈಸೂರು, ಕಲಬುರಗಿಯಲ್ಲೂ ಇದೆ. ಕೇಳಬೇಕಾದದ್ದು ಇಷ್ಟೇ. ಈ ಹೃದಯ ಔಷಧಿಯಿಂದ ಇನ್ನೂ ಸುಧಾರಿಸುವ ಸಾಧ್ಯತೆ ಇದೆಯಾ? ಬೆನ್ನಿಗೆ ಇಂಜೆಕ್ಷನ್ ಕೊಟ್ಟು, ಹೊಟ್ಟೆ ತೆರೆಯದೆ ಯೋನಿಮಾರ್ಗದಿಂದ ಗರ್ಭಕೋಶ ತೆಗೆಯುವಷ್ಟಾದರೂ ತಡೆದುಕೊಳ್ಳುತ್ತದಾ? ಸ್ಟಂಟ್ ಹಾಕಿ ಕೆಲವೇ ತಿಂಗಳಾಗಿದ್ದರೆ ಕಾಯಿರಿ ಅನ್ನುವುದೇ ಆಪರೇಷನ್ ಬೇಡ ಅನ್ನಲು ಕಾರಣವಾಗಿರುತ್ತದೆ, ನಿಮ್ಮಲ್ಲಿ ಎರಡು ವರ್ಷ ಆಗಿರುವುದರಿಂದ ಆ ಮಾತಿಲ್ಲ. ಇಲ್ಲಿ ಅಡ್ಡಿ ಇರುವುದು ಹೃದಯದ ಪಂಪ್ ಶಕ್ತಿ. 50ರ ಮೇಲೆ ಇರಬೇಕಾದದ್ದು 28ಕ್ಕೆ ಇಳಿದಿದೆ. ಅದರ ಮೇಲೆ 104 ಕೆಜಿ ತೂಕ. ಉದರದರ್ಶಕ ಆಪರೇಷನ್‌ಗೆ, ಅಂದರೆ ಚಿಕ್ಕ ರಂಧ್ರದಿಂದ ಮಾಡುವ ಲ್ಯಾಪ್ರೊಸ್ಕೋಪಿಗೆ, ಹೊಟ್ಟೆಗೆ ಗ್ಯಾಸ್ ತುಂಬಿ, ತಲೆ ಕೆಳಗೆ ಕಾಲು ಮೇಲೆ ಬರುವ ಹಾಗೆ ಟೇಬಲ್ ಓರೆ ಮಾಡಿ ಗಂಟೆಗಟ್ಟಲೆ ಇಡಬೇಕಾಗುತ್ತದೆ. ಅಷ್ಟೂ ಭಾರ ಶ್ವಾಸಕೋಶ, ಹೃದಯದ ಮೇಲೆ ಬೀಳುತ್ತದೆ. ಅನಸ್ತೇಶಿಯಾ ಡಾಕ್ಟರ್ ಹೆದರಿದ್ದು ಇದಕ್ಕೇ ಇರಬೇಕು, ಅವರ ಹೆದರಿಕೆ ತಪ್ಪಲ್ಲ. ಹೃದಯದ ಡಾಕ್ಟರೂ ಅದನ್ನೇ ಹೇಳಿದರೆ ಆ ಬಾಗಿಲು ಮುಚ್ಚಿ, ನೆಮ್ಮದಿಯಿಂದ ಮುಂದಕ್ಕೆ ಹೋಗಿ. ಗ್ರೇಡ್ 1 ನಿಧಾನವಾಗಿ ಬೆಳೆಯುವ ಜಾತಿ. ಇಂಥ ವಿಚಾರಣೆಗೆ ಎರಡು ಮೂರು ವಾರ ಹಿಡಿದರೆ ಏನೂ ಆಗಲ್ಲ. ತಿಂಗಳುಗಟ್ಟಲೆ ಎಳೆಯಬೇಡಿ ಅಷ್ಟೇ.

ಈಗ ರೇಡಿಯೇಷನ್ ವಿಚಾರ. ನಮ್ಮ ಕಡೆ ಎಲ್ಲರೂ ಇದನ್ನು ಕರೆಂಟ್ ಕೊಡುವುದು ಅನ್ನುತ್ತಾರೆ. ಆ ಹೆಸರೇ ಅರ್ಧ ಭಯಕ್ಕೆ ಕಾರಣ. ಮೈಗೆ ಯಾವ ಕರೆಂಟೂ ಹರಿಯುವುದಿಲ್ಲ, ಶಾಕ್ ಹೊಡೆಯುವುದಿಲ್ಲ, ಸುಡುವುದಿಲ್ಲ. ಎಕ್ಸ್‌ರೇ ತೆಗೆಸಿಕೊಳ್ಳುವಾಗ ಏನಾದರೂ ಗೊತ್ತಾಗುತ್ತದಾ? ಇದೂ ಹಾಗೇ, ಕಿರಣದ ಶಕ್ತಿ ಮಾತ್ರ ಜಾಸ್ತಿ.

ಇದರಲ್ಲಿ ಎರಡು ಬಗೆ. ಒಂದು ಹೊರಗಿನಿಂದ ಕೊಡುವುದು. ಯಂತ್ರದ ಕೆಳಗೆ ಮಲಗಿಸಿ, ವಾರಕ್ಕೆ 5 ದಿನದಂತೆ ಸುಮಾರು 5 ವಾರ, ಒಟ್ಟು 25 ಸಲ, ಪ್ರತಿ ಸಲ ಹತ್ತು ಹದಿನೈದು ನಿಮಿಷ. ಇನ್ನೊಂದು ಒಳಗಿನಿಂದ ಕೊಡುವುದು, ಅದಕ್ಕೆ ಬ್ರಾಕಿಥೆರಪಿ ಅನ್ನುತ್ತಾರೆ. ಗರ್ಭಕೋಶದೊಳಕ್ಕೇ ತೆಳುವಾದ ಕೊಳವೆ ಇಟ್ಟು, ಅದರ ಮೂಲಕ ಅಕ್ಕಿಕಾಳಿನಷ್ಟು ಚಿಕ್ಕ ವಿಕಿರಣ ಮೂಲವನ್ನು ಒಳಗೆ ಕಳಿಸಿ, ಕೆಲವು ನಿಮಿಷ ಅಲ್ಲಲ್ಲಿ ನಿಲ್ಲಿಸಿ, ವಾಪಸ್ ತೆಗೆದುಕೊಳ್ಳುವುದು. ಆಪರೇಷನ್ ಆಗದವರ ಗರ್ಭಕೋಶದ ಕ್ಯಾನ್ಸರ್‌ಗೆ ಮುಖ್ಯ ಆಯುಧ ಈ ಎರಡನೆಯದು. ಇದನ್ನು ಒತ್ತಿ ಹೇಳುತ್ತಿದ್ದೇನೆ. ಬರೀ ಹೊರಗಿನ ರೇಡಿಯೇಷನ್ ಕೊಟ್ಟು ಕಳಿಸುತ್ತೇವೆ ಅಂದರೆ, "ಒಳಗಿನದು ಯಾಕೆ ಬೇಡ?" ಅಂತ ದಯವಿಟ್ಟು ಕೇಳಿ. ಆ ಯಂತ್ರ ಅಲ್ಲಿ ಇಲ್ಲದಿದ್ದರೆ ಇರುವ ಕಡೆಗೆ ಬರೆದುಕೊಡಿ ಅನ್ನಿ.

ಯಾಕೆ ಅಂದರೆ ಕಾರಣ ಸರಳ. ದೀಪದ ಪಕ್ಕದಲ್ಲಿ ಕೂತರೆ ಅಕ್ಷರ ಕಾಣುತ್ತದೆ, ನಾಲ್ಕು ಹೆಜ್ಜೆ ದೂರ ಹೋದರೆ ಕಾಣಲ್ಲ. ವಿಕಿರಣವೂ ಹಾಗೆಯೇ, ದೂರ ಎರಡರಷ್ಟಾದರೆ ಶಕ್ತಿ ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ಗರ್ಭಕೋಶದ ಮುಂದೆ ಮೂತ್ರಕೋಶ, ಹಿಂದೆ ಮಲದ್ವಾರದ ಕರುಳು ಅಂಟಿಕೊಂಡಂತೆ ಇವೆ. ಹೊರಗಿನಿಂದ ಜಾಸ್ತಿ ಡೋಸ್ ಕೊಡಲು ಹೋದರೆ ಇವೆರಡೂ ಏಟು ತಿನ್ನುತ್ತವೆ. ಒಳಗಿನಿಂದ ಕೊಟ್ಟರೆ ಕಾಯಿಲೆ ಇರುವಲ್ಲಿ ಪೂರ್ತಿ ಡೋಸ್, ಅಕ್ಕಪಕ್ಕಕ್ಕೆ ಕಡಿಮೆ.

ಇದೇನು ನಿನ್ನೆ ಮೊನ್ನೆ ಬಂದ ಪ್ರಯೋಗವೂ ಅಲ್ಲ. ವಿಕಿರಣ ಸೂಸುವ ರೇಡಿಯಂ ಪತ್ತೆಯಾದದ್ದು 1898ರಲ್ಲಿ. 1930ರ ದಶಕದಲ್ಲಿ ಸ್ವೀಡನ್ನಿನ ಸ್ಟಾಕ್‌ಹೋಮ್‌ನಲ್ಲಿ ಜೇಮ್ಸ್ ಹೇಮನ್ ಅನ್ನುವ ವೈದ್ಯರು ರೇಡಿಯಂ ತುಂಬಿದ ಚಿಕ್ಕ ಚಿಕ್ಕ ಗುಂಡುಗಳನ್ನು ಗರ್ಭಕೋಶದೊಳಗೆ ಒತ್ತೊತ್ತಾಗಿ ತುಂಬಿ ಈ ಕ್ಯಾನ್ಸರ್‌ಗೆ ಚಿಕಿತ್ಸೆ ಕೊಡುತ್ತಿದ್ದರು. ಅವರಿಗೆ ಆ ಉಪಾಯ ಹೊಳೆದದ್ದು ಗರ್ಭಕೋಶದ ಆಕಾರದಿಂದ. ತೊಟ್ಟು ಕೆಳಗೆ ಮಾಡಿ ಹಿಡಿದ ಸೀಬೆಹಣ್ಣು ನೆನಪಿಸಿಕೊಳ್ಳಿ, ಮೇಲೆ ಅಗಲ, ಕೆಳಗೆ ಕಿರಿದು. ಒಂದೇ ನೇರ ಕೊಳವೆ ಇಟ್ಟರೆ ಮೇಲಿನ ಎರಡು ಮೂಲೆಗೆ ಡೋಸ್ ಸರಿಯಾಗಿ ತಲುಪದೆ ಹೋಗಬಹುದು. ಹಾಗಾಗಿ ಈಗಲೂ ಕೆಲವು ಕಡೆ ಕವೆಗೋಲಿನ ಹಾಗೆ ಕವಲೊಡೆದ ಎರಡು ಕೊಳವೆ ಬಳಸುತ್ತಾರೆ. ಈಗ ರೇಡಿಯಂ ಇಲ್ಲ, ಅದರ ಜಾಗಕ್ಕೆ ಹೆಚ್ಚಾಗಿ ಇರಿಡಿಯಂ 192 ಬಂದಿದೆ. ಅದರ ಶಕ್ತಿ 74 ದಿನಕ್ಕೆ ಅರ್ಧವಾಗುತ್ತದೆ, ಅದಕ್ಕೇ ಆಸ್ಪತ್ರೆಗಳು ಮೂರು ನಾಲ್ಕು ತಿಂಗಳಿಗೊಮ್ಮೆ ಹೊಸದು ತರಿಸುತ್ತವೆ. 2015ರಲ್ಲಿ ಅಮೆರಿಕನ್ ಬ್ರಾಕಿಥೆರಪಿ ಸೊಸೈಟಿ, ಆಪರೇಷನ್ ಮಾಡಲಾಗದ ಗರ್ಭಕೋಶ ಕ್ಯಾನ್ಸರ್ ರೋಗಿಗಳಿಗೆ ಅಂತಲೇ ಮಾರ್ಗಸೂಚಿ ಪ್ರಕಟಿಸಿದೆ. ಅಂದರೆ ನಿಮ್ಮ ಅಮ್ಮನಂಥವರು ಲೋಕದಲ್ಲಿ ಅಪರೂಪವೇನಲ್ಲ. ಈ ಕ್ಯಾನ್ಸರ್ ಬರುವುದೇ ಹೆಚ್ಚಾಗಿ ತೂಕ, ಶುಗರ್, ಬಿಪಿ ಇರುವವರಿಗೆ. ಕೊಬ್ಬಿನಂಶದಲ್ಲಿ ತಯಾರಾಗುವ ಈಸ್ಟ್ರೋಜೆನ್ ಹಾರ್ಮೋನು ಗರ್ಭಕೋಶದ ಒಳಪದರವನ್ನು ಬೆಳೆಸುತ್ತಲೇ ಇರುತ್ತದೆ. ಅದೇ ತೂಕ, ಅದೇ ಶುಗರ್ ಹೃದಯವನ್ನೂ ಕೆಡಿಸುತ್ತದೆ. ಆಪರೇಷನ್ ಬೇಕಾದವರಿಗೇ ಆಪರೇಷನ್ ಕಷ್ಟವಾಗುವುದು ಹೀಗೆ.

ಎಷ್ಟು ಫಲ ಸಿಗುತ್ತದೆ? 2016ರಲ್ಲಿ ಪ್ರಕಟವಾದ ಒಂದು ಪರಿಶೀಲನೆಯಲ್ಲಿ, ಬೇರೆ ಬೇರೆ ಕಡೆಯ 25 ಅಧ್ಯಯನಗಳ 2,694 ಮಹಿಳೆಯರ ಲೆಕ್ಕ ಒಟ್ಟು ಮಾಡಿದ್ದರು. ಎಲ್ಲರೂ ಆಪರೇಷನ್ ಮಾಡಲಾಗದವರೇ. ಐದು ವರ್ಷ ಕಳೆದ ಮೇಲೂ ನೂರರಲ್ಲಿ ಸುಮಾರು 80 ಮಂದಿಯಲ್ಲಿ ಗರ್ಭಕೋಶದ ಕಾಯಿಲೆ ಹಿಡಿತದಲ್ಲಿತ್ತು. ನಿಮ್ಮ ಅಮ್ಮನದು ಗ್ರೇಡ್ 1, ಅರ್ಧ ಗೋಡೆ ದಾಟಿಲ್ಲ, ಗುಂಪಿನಲ್ಲಿ ಒಳ್ಳೆಯ ಕಡೆಗೇ ಇದ್ದಾರೆ. ಇಂಥ ರೋಗಿಗಳನ್ನು ಮುಂದಿನ ವರ್ಷಗಳಲ್ಲಿ ಕ್ಯಾನ್ಸರ್‌ಗಿಂತ ಹೆಚ್ಚಾಗಿ ಕಾಡುವುದು ಹೃದಯವೇ. ಹಾಗಾಗಿ ರೇಡಿಯೇಷನ್ ಶುರುವಾಯಿತು ಅಂತ ಹೃದಯದ ಮಾತ್ರೆ, ಶುಗರ್ ಚೆಕಪ್ ಮರೆತುಬಿಡಬೇಡಿ.

ನಿಮ್ಮ ಅಮ್ಮನ ಎಂಆರ್‌ಐ ನೀವು ಬರೆದ ಹಾಗೆಯೇ ಇದ್ದರೆ, ಹೊರಗಿನ ರೇಡಿಯೇಷನ್ ಇಲ್ಲದೆ ಬರೀ ಬ್ರಾಕಿಥೆರಪಿ ಸಾಕು ಅನ್ನುವ ಸಾಧ್ಯತೆಯೂ ಇದೆ. ಸಾಮಾನ್ಯವಾಗಿ 4ರಿಂದ 6 ಸಲ, ವಾರಕ್ಕೆ ಒಂದೋ ಎರಡೋ. ಕಾಯಿಲೆ ಆಳಕ್ಕೆ ಇಳಿದಿದ್ದರೆ ಅಥವಾ ಗ್ರೇಡ್ 3 ಆಗಿದ್ದರೆ ಮೊದಲು 25 ಸಲ ಹೊರಗಿನದು, ಆಮೇಲೆ ಎರಡು ಮೂರು ಸಲ ಒಳಗಿನದು. ಯಾವುದು ಅಂತ ಎಂಆರ್‌ಐ ಮುಂದಿಟ್ಟುಕೊಂಡು ನಿಮ್ಮ ರೇಡಿಯೇಷನ್ ಡಾಕ್ಟರೇ ಹೇಳಬೇಕು.

ಅನಸ್ತೇಶಿಯಾ ಕೊಡಲಾಗದವರಿಗೆ ಕೊಳವೆ ಹೇಗೆ ಹಾಕುತ್ತಾರೆ ಅಂತ ನಿಮಗೆ ಅನ್ನಿಸಿರಬಹುದು, ಎಲ್ಲರೂ ಕೇಳುತ್ತಾರೆ. ಎರಡು ಮೂರು ಗಂಟೆಯ ದೊಡ್ಡ ಆಪರೇಷನ್ ಬೇರೆ, ಹತ್ತಿಪ್ಪತ್ತು ನಿಮಿಷದಲ್ಲಿ ಕೊಳವೆ ಕೂರಿಸುವುದು ಬೇರೆ. ಇಲ್ಲಿ ಕೊಯ್ಯುವುದಿಲ್ಲ, ಹೊಲಿಯುವುದಿಲ್ಲ, ರಕ್ತ ಹೆಚ್ಚು ಹೋಗುವುದಿಲ್ಲ. ಮಂಪರು ಬರುವ ಔಷಧಿ, ಗರ್ಭಕೋಶದ ಬಾಯಿಯ ಹತ್ತಿರ ಮರಗಟ್ಟಿಸುವ ಇಂಜೆಕ್ಷನ್, ಇಲ್ಲವೇ ಬೆನ್ನಿಗೆ ಇಂಜೆಕ್ಷನ್, ಇವುಗಳಲ್ಲಿ ಹೃದಯಕ್ಕೆ ಯಾವುದು ಹಗುರವೋ ಅದನ್ನು ಅನಸ್ತೇಶಿಯಾ ಡಾಕ್ಟರ್ ಆರಿಸುತ್ತಾರೆ. ಮೂತ್ರಕ್ಕೆ ಒಂದು ನಳಿ ಹಾಕುತ್ತಾರೆ. ಅಲ್ಟ್ರಾಸೌಂಡ್ ನೋಡಿಕೊಂಡು ಕೊಳವೆ ಇಡುತ್ತಾರೆ, ಗೋಡೆಗೆ ಚುಚ್ಚಬಾರದಲ್ವಾ. ಆಮೇಲೆ ಸಿಟಿ ಸ್ಕ್ಯಾನ್, ಕಂಪ್ಯೂಟರ್‌ನಲ್ಲಿ ಲೆಕ್ಕ, ಅದಾದ ಮೇಲೆ ಚಿಕಿತ್ಸೆ. ಚಿಕಿತ್ಸೆಗೆ ಹಿಡಿಯುವುದು ಹತ್ತಿಪ್ಪತ್ತು ನಿಮಿಷವೇ. ಆದರೆ ಲೆಕ್ಕ ಮುಗಿಯುವ ತನಕ ಅಲ್ಲಾಡದೆ ಅಂಗಾತ ಮಲಗಬೇಕು, ಅದು ಒಂದೆರಡು ಗಂಟೆ ಆಗಬಹುದು. ಇಲ್ಲೇ ನಿಮ್ಮ ಅಮ್ಮನಿಗೆ ತೊಂದರೆ ಆಗಬಹುದಾದ ಜಾಗ. ರಾತ್ರಿ ಎರಡು ಮೂರು ದಿಂಬು ಇಲ್ಲದೆ ಮಲಗಿದರೆ ಉಸಿರು ಕಟ್ಟುತ್ತದಾ ಅಂತ ಅವರನ್ನು ಕೇಳಿ. ಹೌದು ಅಂದರೆ ಮೊದಲ ದಿನವೇ ರೇಡಿಯೇಷನ್ ಡಾಕ್ಟರ್‌ಗೆ ಹೇಳಿ, ಹೃದಯದ ಮಾತ್ರೆ ಸರಿಪಡಿಸಿ ಶ್ವಾಸ ಹಗುರ ಮಾಡಿಕೊಂಡು ಶುರು ಮಾಡುತ್ತಾರೆ.

ಸ್ಟಂಟ್ ಇರುವುದರಿಂದ ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳುತ್ತಿರುತ್ತಾರೆ. ಬ್ಲೀಡಿಂಗ್ ಆಗುತ್ತಿದೆ ಅಂತ ಅದನ್ನು ನೀವೇ ನಿಲ್ಲಿಸಬೇಡಿ. ಸ್ಟಂಟ್ ಒಳಗೆ ರಕ್ತ ಹೆಪ್ಪುಗಟ್ಟಿದರೆ ಕ್ಯಾನ್ಸರ್‌ಗಿಂತ ಮೊದಲು ಅದೇ ಜೀವ ತೆಗೆಯುತ್ತದೆ. ನಿಲ್ಲಿಸಬೇಕಾ, ಎಷ್ಟು ದಿನ, ಯಾವುದನ್ನು ಅಂತ ಹೃದಯದ ಡಾಕ್ಟರೂ ರೇಡಿಯೇಷನ್ ಡಾಕ್ಟರೂ ಮಾತಾಡಿಕೊಂಡು ಹೇಳಲಿ. ಎದೆಯಲ್ಲಿ ಪೇಸ್‌ಮೇಕರ್ ಥರದ್ದು ಏನಾದರೂ ಇದ್ದರೆ ಅದನ್ನೂ ತಿಳಿಸಿ.

ಇನ್ನೊಂದು ವಿಷಯ, ಇದನ್ನು ಹೆಚ್ಚಿನವರು ಗಮನಿಸುವುದಿಲ್ಲ. ಹೃದಯದ ಡಾಕ್ಟರ್ ನೀರು ಕಡಿಮೆ ಕುಡಿಯಿರಿ, ಉಪ್ಪು ಬಿಡಿ ಅಂದಿರುತ್ತಾರೆ. ಹೊರಗಿನ ರೇಡಿಯೇಷನ್ ಕೊಡುವವರು ಮೂತ್ರಕೋಶ ತುಂಬಿರಲಿ, ಎರಡು ಮೂರು ಲೋಟ ನೀರು ಕುಡಿದು ಬನ್ನಿ ಅನ್ನುತ್ತಾರೆ. ಬೇಧಿಯಾದರೆ ಓಆರ್‌ಎಸ್ ಕುಡಿಯಿರಿ ಅನ್ನುತ್ತಾರೆ, ಅದರಲ್ಲಿ ಉಪ್ಪಿದೆ. ಪಾಪ, ರೋಗಿ ಯಾರ ಮಾತು ಕೇಳಬೇಕು? ದಿನಕ್ಕೆ ಒಟ್ಟು ಎಷ್ಟು ನೀರು ಅಂತ ಹೃದಯದ ಡಾಕ್ಟರ್ ಹತ್ತಿರ ಚೀಟಿಯಲ್ಲಿ ಬರೆಸಿಕೊಂಡು ಬನ್ನಿ, ಆ ಲೆಕ್ಕದೊಳಗೇ ರೇಡಿಯೇಷನ್‌ಗೆ ಮುಂಚಿನ ನೀರನ್ನು ಹೊಂದಿಸಬಹುದು. ಬೇಧಿ ಶುರುವಾದರೆ ಉಚ್ಚೆ ಹೋಗಿಸುವ ನೀರಿನ ಮಾತ್ರೆಯನ್ನೂ ಶುಗರ್ ಮಾತ್ರೆಯನ್ನೂ ಹಾಗೇ ಮುಂದುವರಿಸಬೇಕಾ ಅಂತ ಅವತ್ತೇ ಫೋನ್ ಮಾಡಿ ಕೇಳಿ, ಮರುದಿನಕ್ಕೆ ಇಡಬೇಡಿ.

ತೊಂದರೆಗಳು ಏನಾಗಬಹುದು ಅಂದರೆ, ಹೊರಗಿನದು ಕೊಟ್ಟಾಗ ಎರಡನೇ ಮೂರನೇ ವಾರದಿಂದ ಬೇಧಿ, ಉರಿಮೂತ್ರ, ಪದೇ ಪದೇ ಮೂತ್ರ, ಸುಸ್ತು. ಮುಗಿದು ಕೆಲವು ವಾರಕ್ಕೆ ಹೆಚ್ಚಿನವರಿಗೆ ಇಳಿದುಹೋಗುತ್ತದೆ. ಇಡ್ಲಿ, ಮೊಸರನ್ನ, ಹೆಸರುಬೇಳೆ ಹಾಕಿದ ಮೆತ್ತನೆ ಅನ್ನ ಕೊಡಿ, ಖಾರ, ಸೊಪ್ಪು, ಕರಿದದ್ದು ಅಷ್ಟು ದಿನ ಕಡಿಮೆ ಮಾಡಿ. ಶುಗರ್ ಇರುವುದರಿಂದ ದಿನವಿಡೀ ಗಂಜಿ ಕುಡಿಸಿಕೊಂಡು ಕೂರಬೇಡಿ. ತಿಂಗಳು, ವರ್ಷ ಕಳೆದ ಮೇಲೆ ಕೆಲವರಿಗೆ ಮಲದಲ್ಲೋ ಮೂತ್ರದಲ್ಲೋ ರಕ್ತ ಕಾಣಬಹುದು, ಸೊಂಟದ ಮೂಳೆ ಬಿರುಕು ಬಿಡಬಹುದು. ಗಂಭೀರವಾದ ತೊಂದರೆ ನೂರರಲ್ಲಿ ಕೆಲವೇ ಮಂದಿಗೆ. ಕೂದಲು ಉದುರುತ್ತದೆ ಅಂತ ಭಯ ಬೇಡ, ತಲೆಗೂ ಇದಕ್ಕೂ ಸಂಬಂಧವಿಲ್ಲ.

ಖರ್ಚಿನ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿ ತನಕ ಚಿಕಿತ್ಸೆ ಸಿಗುತ್ತದೆ, ಕ್ಯಾನ್ಸರ್ ರೇಡಿಯೇಷನ್ ಅದರಲ್ಲಿ ಸೇರಿದೆ. ಬೆಂಗಳೂರಿನ ಕಿದ್ವಾಯಿ ನಿಮಗೆ ಹತ್ತಿರ, ಊರಿಂದ ಬಂದವರು ಉಳಿಯಲು ಅಲ್ಲಿ ಧರ್ಮಶಾಲೆ ಇದೆ. ಉತ್ತರ ಕರ್ನಾಟಕದವರಿಗೆ ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆ ಇದೆ, ಕರಾವಳಿಯವರಿಗೆ ಮಣಿಪಾಲ, ಮಂಗಳೂರು. ಚಿಕಿತ್ಸೆಗೆ ಓಡಾಡುವ ಕ್ಯಾನ್ಸರ್ ರೋಗಿಗೂ ಜೊತೆಗಾರರಿಗೂ ರೈಲಿನಲ್ಲಿ ರಿಯಾಯಿತಿ ಇದೆ, ಆಸ್ಪತ್ರೆಯಲ್ಲಿ ಫಾರಂ ಬರೆಸಿಕೊಳ್ಳಿ.

ಕೊನೆಗೆ ಅಮ್ಮನ ವಿಚಾರ. ಹೇಳಿ. ಆ ಟೇಬಲ್ ಮೇಲೆ ಕಾಲು ಅಗಲಿಸಿ ಮಲಗಬೇಕಾದವರು ಅವರು. ಯಾಕೆ ಅಂತ ಗೊತ್ತಿಲ್ಲದೆ ಯಾವ ಹೆಂಗಸಾದರೂ ಅದನ್ನು ಹೇಗೆ ಸಹಿಸಿಕೊಳ್ಳುತ್ತಾಳೆ ಹೇಳಿ? ಸಹಿ ಹಾಕಬೇಕಾದವರೂ ಅವರೇ. ಎಲ್ಲವನ್ನೂ ಒಂದೇ ದಿನ ಹೇಳಬೇಕಿಲ್ಲ. "ಅಮ್ಮಾ, ಗರ್ಭಕೋಶದಲ್ಲಿ ಕೆಟ್ಟ ಗಡ್ಡೆ ಇದೆ. ಬೇಗ ಗೊತ್ತಾಗಿದೆ. ಹಾರ್ಟಿಗೆ ತೊಂದರೆ ಆಗಬಾರದು ಅಂತ ಕೊಯ್ಯದೆ ವಾಸಿ ಮಾಡುತ್ತಾರೆ" ಅಂತ ಶುರು ಮಾಡಿ. ಅವರು ಕೇಳಿದಷ್ಟಕ್ಕೆ ಉತ್ತರ ಕೊಡಿ. ಇಷ್ಟು ದಿನ ಒಬ್ಬರೇ ಕಲೆ ತೊಳೆದುಕೊಂಡು ಸುಮ್ಮನಿದ್ದವರಿಗೆ ಅರ್ಧಕ್ಕರ್ಧ ಗೊತ್ತಾಗಿಯೇ ಇರುತ್ತದೆ. ದೊಡ್ಡಪ್ಪನವರನ್ನೂ ಒಂದು ದಿನ ಡಾಕ್ಟರ್ ಹತ್ತಿರ ಜೊತೆಗೆ ಕರೆದುಕೊಂಡು ಹೋಗಿ, ಅವರೇ ಕೇಳಲಿ.

ಪ್ರಶ್ನೆ: ನನಗೆ 59. ಮುಟ್ಟು ನಿಂತು 7 ವರ್ಷ. ಹೋದ ತಿಂಗಳು ಎರಡು ದಿನ ಸ್ವಲ್ಪವೇ ರಕ್ತ ಕಂಡಿತು, ತಾನಾಗಿಯೇ ನಿಂತುಹೋಯಿತು. ಉಷ್ಣ ಆಗಿರಬೇಕು, ಎಳನೀರು ಕುಡಿ ಅಂದರು ನಮ್ಮ ಅತ್ತಿಗೆ. ಕಳೆದ ವರ್ಷ ಪ್ಯಾಪ್ ಟೆಸ್ಟ್ ನಾರ್ಮಲ್ ಇತ್ತು. ಬಿಟ್ಟುಬಿಡಬಹುದಾ?
ಓದುಗರು, ಶಿರಸಿ

ಉತ್ತರ: ಬಿಡಬಾರದು. ಈ ವಾರವೇ ಹೋಗಿ. ಪ್ಯಾಪ್ ಟೆಸ್ಟ್ ನೋಡುವುದು ಗರ್ಭಕೋಶದ ಬಾಯಿಯನ್ನು, ಒಳಪದರವನ್ನಲ್ಲ. ನಮ್ಮಲ್ಲಿ ಎರಡಕ್ಕೂ ಗರ್ಭಕೋಶದ ಕ್ಯಾನ್ಸರ್ ಅಂತಲೇ ಅನ್ನುವುದರಿಂದ ಈ ಗೊಂದಲ. ಎರಡೂ ಬೇರೆ ಕಾಯಿಲೆ, ಕಾರಣವೂ ಬೇರೆ, ಚಿಕಿತ್ಸೆಯೂ ಬೇರೆ. ಮುಟ್ಟು ನಿಂತ ಮೇಲೆ ರಕ್ತ ಕಂಡವರಲ್ಲಿ ಹೆಚ್ಚುಕಡಿಮೆ ಹತ್ತರಲ್ಲಿ ಒಬ್ಬರಿಗೆ ಒಳಪದರದ ಕ್ಯಾನ್ಸರ್ ಇರುತ್ತದೆ. ಉಳಿದವರಿಗೆ ಒಳಪದರ ಒಣಗಿ ತೆಳುವಾಗಿರುವುದೋ ಪಾಲಿಪ್ ಅನ್ನುವ ಚಿಕ್ಕ ಮಾಂಸದ ಕುಡಿಯೋ ಇನ್ನೇನೋ ಇರುತ್ತದೆ. ಯಾರು ಆ ಒಬ್ಬರು ಅಂತ ಹೊರಗಿಂದ ಗೊತ್ತಾಗಲ್ಲ. ಒಳಗಿನಿಂದ ಮಾಡುವ ಅಲ್ಟ್ರಾಸೌಂಡ್‌ನಲ್ಲಿ ಒಳಪದರ 4 ಮಿಲಿಮೀಟರ್ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಕ್ಯಾನ್ಸರ್ ಸಾಧ್ಯತೆ ತುಂಬಾ ಕಡಿಮೆ. ದಪ್ಪ ಇದ್ದರೆ, ಅಥವಾ ರಕ್ತ ಮತ್ತೆ ಕಂಡರೆ, ಒಪಿಡಿಯಲ್ಲೇ ತೆಳು ಕೊಳವೆಯಿಂದ ಬಯಾಪ್ಸಿ ಮಾಡುತ್ತಾರೆ, ಐದು ನಿಮಿಷದ ಕೆಲಸ. ಮೇಲಿನ ಪತ್ರದವರ ಅಮ್ಮನಿಗೂ ಹೀಗೆಯೇ ಬೇಗ ಗೊತ್ತಾದದ್ದು. ಎಳನೀರು ಕುಡಿಯಿರಿ, ತಪ್ಪಿಲ್ಲ, ಆದರೆ ಸ್ಕ್ಯಾನ್ ಮಾಡಿಸಿಕೊಂಡು ಬಂದು ಕುಡಿಯಿರಿ.

ಪ್ರಶ್ನೆ: ನಮ್ಮ ತಾಯಿಗೆ ಗರ್ಭಕೋಶಕ್ಕೆ ಒಳಗಿನ ರೇಡಿಯೇಷನ್ ಕೊಡುತ್ತಿದ್ದಾರೆ. ಮನೆಯಲ್ಲಿ ಐದು ತಿಂಗಳ ಮಗು ಇದೆ, ಹೆಂಡತಿ ಬಾಣಂತಿ. ತಾಯಿಯ ಮೈಯಿಂದ ಕಿರಣ ಬರುತ್ತದೆ, ದೂರ ಇರಿ ಅಂತ ಅಕ್ಕಪಕ್ಕದವರು ಹೇಳಿ ತಾಯಿ ಈಗ ದನದ ಕೊಟ್ಟಿಗೆ ಪಕ್ಕದ ಕೋಣೆಯಲ್ಲಿ ಮಲಗುತ್ತಿದ್ದಾರೆ.
ಓದುಗರು, ರಾಯಚೂರು ಜಿಲ್ಲೆ

ಉತ್ತರ: ಇವತ್ತೇ ಒಳಗೆ ಕರೆದುಕೊಂಡು ಬನ್ನಿ. ಚಿಕಿತ್ಸೆ ಮುಗಿದ ಕೂಡಲೇ ಆ ವಿಕಿರಣ ಮೂಲ ಯಂತ್ರದೊಳಕ್ಕೆ ವಾಪಸ್ ಹೋಗುತ್ತದೆ, ಕೊಳವೆಯನ್ನೂ ತೆಗೆಯುತ್ತಾರೆ. ತಾಯಿಯ ಮೈಯಲ್ಲಿ ಏನೂ ಉಳಿದಿರುವುದಿಲ್ಲ. ಟಾರ್ಚ್ ಆರಿಸಿದ ಮೇಲೆ ಗೋಡೆಯಲ್ಲಿ ಬೆಳಕು ಉಳಿಯುತ್ತದಾ? ಹಾಗೇ. ಮಗುವನ್ನು ಎತ್ತಿಕೊಳ್ಳಬಹುದು, ಪಕ್ಕದಲ್ಲಿ ಮಲಗಿಸಿಕೊಳ್ಳಬಹುದು, ಅವರ ತಟ್ಟೆ ಲೋಟ ಬೇರೆ ಇಡುವುದು ಬೇಡ. ಹೊರಗಿನ ರೇಡಿಯೇಷನ್ ತಗೊಳ್ಳುವವರಿಗೂ ಇದೇ ಮಾತು. ಚಿಕಿತ್ಸೆ ನಡೆಯುವಾಗ ಕೋಣೆಯಲ್ಲಿ ಅವರೊಬ್ಬರನ್ನೇ ಬಿಟ್ಟು ಎಲ್ಲರೂ ಹೊರಗೆ ಬರುವುದನ್ನು ನೋಡಿ ಜನರಿಗೆ ಹೀಗನ್ನಿಸುತ್ತದೆ, ಆದರೆ ಅದು ಆ ಕೆಲವು ನಿಮಿಷಕ್ಕೆ ಮಾತ್ರ.

ಪ್ರಶ್ನೆ: ನಾನು ಶಾರ್ಜಾದಲ್ಲಿದ್ದೇನೆ, ಅತ್ತೆ ದಾವಣಗೆರೆಯಲ್ಲಿ. ಅವರಿಗೂ ಗರ್ಭಕೋಶದ ಒಳಪದರದಲ್ಲಿ ಗ್ರೇಡ್ 1 ಕ್ಯಾನ್ಸರ್. ಉಬ್ಬಸ, ಆಕ್ಸಿಜನ್ ಬೇಕಾಗುತ್ತದೆ, ಆಪರೇಷನ್ ಬೇಡ ಅಂದಿದ್ದಾರೆ. ಒಬ್ಬ ಡಾಕ್ಟರ್ ರೇಡಿಯೇಷನ್ನೂ ಬೇಡ, ಹಾರ್ಮೋನ್ ಕಾಪರ್-ಟಿ ಹಾಕೋಣ ಅನ್ನುತ್ತಾರೆ. 66 ವರ್ಷಕ್ಕೆ ಕಾಪರ್-ಟಿಯಾ?
ಓದುಗರು, ಶಾರ್ಜಾ

ಉತ್ತರ: ಅದು ಕಾಪರ್-ಟಿ ಅಲ್ಲ, ಆಕಾರ ಮಾತ್ರ ಹಾಗಿದೆ. ಲೆವೊನಾರ್ಜೆಸ್ಟ್ರೆಲ್ ಅನ್ನುವ ಹಾರ್ಮೋನನ್ನು ನಿಧಾನವಾಗಿ ಒಳಪದರಕ್ಕೆ ಬಿಡುವ ಸಾಧನ. ಗ್ರೇಡ್ 1, ಮೇಲ್ಪದರದಲ್ಲೇ ಇರುವ ಕಾಯಿಲೆ ಇದಕ್ಕೆ ಕೆಲವರಲ್ಲಿ ಕರಗುತ್ತದೆ. ಎಲ್ಲರಲ್ಲೂ ಅಲ್ಲ. ಅದಕ್ಕೆ ಮೂರರಿಂದ ಆರು ತಿಂಗಳಿಗೊಮ್ಮೆ ಬಯಾಪ್ಸಿ ಮಾಡಿ ನೋಡುತ್ತಲೇ ಇರಬೇಕು. ನೀವು ದೂರದಲ್ಲಿದ್ದೀರಿ, ಆ ಬಯಾಪ್ಸಿಗೆ ತಪ್ಪದೆ ಕರೆದುಕೊಂಡು ಹೋಗುವವರು ಊರಲ್ಲಿ ಯಾರಿದ್ದಾರೆ ಅಂತ ಮೊದಲು ಯೋಚಿಸಿ. ನನ್ನ ಅಭಿಪ್ರಾಯದಲ್ಲಿ ಇದು ರೇಡಿಯೇಷನ್‌ಗೆ ಸಮ ಅಲ್ಲ. ಉಬ್ಬಸ ಸ್ವಲ್ಪ ಹಿಡಿತಕ್ಕೆ ಬರುವ ತನಕ ಕಾಯಿಲೆಯನ್ನು ತಡೆದು ನಿಲ್ಲಿಸಲು, ಅಥವಾ ಅಂಗಾತ ಮಲಗಲೂ ಆಗದಷ್ಟು ಸೋತವರಿಗೆ ಇದು ಒಳ್ಳೆಯ ಆಸರೆ. ಇದೇ ಜಾತಿಯ ಹಾರ್ಮೋನ್ ಮಾತ್ರೆಗಳೂ ಇವೆ. ಮೆಜೆಸ್ಟ್ರಾಲ್‌ನಂಥ ಮಾತ್ರೆಯಿಂದ ತೂಕ ಏರಬಹುದು, ಶುಗರ್ ಏರಬಹುದು, ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಬಹುದು, ಹಾಗಾಗಿ ಓಡಾಟ ಕಡಿಮೆ ಇರುವವರಿಗೆ ಯೋಚಿಸಿ ಕೊಡುತ್ತಾರೆ. ಬ್ರಾಕಿಥೆರಪಿ ಇರುವ ಕಡೆ ಒಂದು ಸಲ ತೋರಿಸಿ, ಆಮೇಲೆ ತೀರ್ಮಾನ ಮಾಡಿ.

ಪ್ರಶ್ನೆ: ನನಗೆ 71. ಹೋದ ವರ್ಷ ನನಗೂ ಹೀಗೆ ಆಪರೇಷನ್ ಇಲ್ಲದೆ ರೇಡಿಯೇಷನ್ ಕೊಟ್ಟು ಕಾಯಿಲೆ ಹತೋಟಿಗೆ ಬಂದಿದೆ. ಬರುವಾಗ ಡೈಲೇಟರ್ ಅಂತ ಒಂದು ಕೊಟ್ಟು, ದಿನ ಬಿಟ್ಟು ದಿನ ಬಳಸಿ ಅಂದರು. ಯಜಮಾನರು ಹೋಗಿ 12 ವರ್ಷ ಆಯಿತು. ನನಗೆ ಅದು ಯಾಕೆ ಬೇಕು? ಡಬ್ಬಿ ತೆಗೆದೂ ನೋಡಿಲ್ಲ. ಸೊಸೆಯನ್ನು ಕೇಳಲು ನಾಚಿಕೆ.
ಓದುಗರು, ಮೈಸೂರು

ಉತ್ತರ: ಅಮ್ಮಾ, ನೀವು ಕೇಳಿದ್ದು ತುಂಬಾ ಒಳ್ಳೆಯದಾಯಿತು. ಕೊಡುವಾಗಲೇ ಯಾಕೆ ಅಂತ ಕೂತು ಹೇಳಬೇಕಿತ್ತು. ರೇಡಿಯೇಷನ್ ಆದ ಮೇಲೆ ಯೋನಿಯ ಗೋಡೆಗಳು ಒಣಗಿ, ಒಂದಕ್ಕೊಂದು ಅಂಟಿಕೊಂಡು, ದಾರಿ ಕಿರಿದಾಗುತ್ತದೆ. ಅದನ್ನು ತೆರೆದಿಡಲು ಸ್ವಲ್ಪ ಹೊತ್ತು ಒಳಗೆ ಇಟ್ಟುಕೊಳ್ಳುವ ನುಣುಪಾದ ಕಡ್ಡಿಯಂಥ ಸಾಧನವೇ ಈ ಡೈಲೇಟರ್, ಬೇರೆ ಬೇರೆ ಅಳತೆಯಲ್ಲಿ ಇರುತ್ತದೆ. ಗಂಡ ಇದ್ದಾರೋ ಇಲ್ಲವೋ ಅನ್ನುವುದಕ್ಕೂ ಇದಕ್ಕೂ ಸಂಬಂಧವಿಲ್ಲ. ನಿಮ್ಮ ಗರ್ಭಕೋಶ ಒಳಗೇ ಇದೆಯಲ್ವಾ, ಮೊದಲ ಎರಡು ವರ್ಷ ಮೂರರಿಂದ ಆರು ತಿಂಗಳಿಗೊಮ್ಮೆ ಡಾಕ್ಟರ್ ಅದನ್ನು ಪರೀಕ್ಷೆ ಮಾಡಬೇಕು. ಮತ್ತೆ ಸ್ವಲ್ಪ ರಕ್ತ ಕಂಡರೆ ಬಯಾಪ್ಸಿ ತೆಗೆಯಬೇಕಾಗುತ್ತದೆ. ದಾರಿ ಮುಚ್ಚಿಕೊಂಡರೆ ನೋಡಲೂ ಆಗಲ್ಲ, ಪರೀಕ್ಷೆಯೂ ತುಂಬಾ ನೋಯುತ್ತದೆ. ಒಳಗೆ ಕೀವು ಕಟ್ಟಿಕೊಂಡರೂ ಹೊರಗೆ ಗೊತ್ತಾಗದೆ ಹೋಗಬಹುದು.

ಸ್ನಾನ ಆದ ಮೇಲೆ, ಬಾಗಿಲು ಹಾಕಿಕೊಂಡು, ಮಂಡಿ ಮಡಿಸಿ ಮಲಗಿ. ನೀರಿನಲ್ಲಿ ಕರಗುವ ಜೆಲ್ ಹಚ್ಚಿಕೊಳ್ಳಿ, ಹರಳೆಣ್ಣೆ ಕೊಬ್ಬರಿ ಎಣ್ಣೆ ಬೇಡ. ಎಲ್ಲಕ್ಕಿಂತ ಚಿಕ್ಕದರಿಂದ ಶುರು ಮಾಡಿ, ಉಸಿರು ಬಿಡುತ್ತಾ ನಿಧಾನಕ್ಕೆ, ಒತ್ತಾಯ ಮಾಡದೆ. ಐದು ಹತ್ತು ನಿಮಿಷ ಸಾಕು. ಆಮೇಲೆ ಸೋಪಿನ ನೀರಿನಲ್ಲಿ ತೊಳೆದು ಒಣಗಿಸಿಡಿ. ಮೊದಮೊದಲು ಒಂದೆರಡು ಹನಿ ರಕ್ತ ಕಂಡರೆ ಗಾಬರಿ ಬೇಡ, ಜಾಸ್ತಿ ಬಂದರೆ ಅಥವಾ ನೋವು ತಡೆಯಲಾಗದಿದ್ದರೆ ನಿಲ್ಲಿಸಿ ಡಾಕ್ಟರ್‌ಗೆ ಹೇಳಿ. ಒಂದು ವರ್ಷ ಬಳಸಿಲ್ಲ ಅಂದಿದ್ದೀರಿ, ಆದ್ದರಿಂದ ಮನೆಯಲ್ಲಿ ನೀವೇ ಶುರು ಮಾಡುವ ಮುಂಚೆ ಮುಂದಿನ ಚೆಕಪ್‌ಗೆ ಆ ಡಬ್ಬಿಯನ್ನು ಜೊತೆಗೆ ತೆಗೆದುಕೊಂಡು ಹೋಗಿ. ರೇಡಿಯೇಷನ್ ವಿಭಾಗದಲ್ಲಿ ಹೆಣ್ಣು ನರ್ಸ್ ಇರುತ್ತಾರೆ, ತೋರಿಸಿಕೊಡಿ ಅನ್ನಿ. ಹೇಳಲು ನಾಚಿಕೆ ಆದರೆ ಈ ಪುಟವನ್ನೇ ಮಡಿಸಿ ಅವರ ಕೈಗೆ ಕೊಡಿ.